ಪಲ್ಲೆ ಸೋಸುವ ಪಿರಿಯಡ್ಡು

ನಮ್ಮ ಶಹಾಬಾದಿನಲ್ಲಿ ಸಿಗುವ ಮೆಂತ್ಯೆಗೆ ನನಗಿಂತ ಹೆಚ್ಚು ಪ್ರಯಾಣದ ಅನುಭವವಿದೆ. ಅದು ಹುಟ್ಟುವುದು ಪಕ್ಕದ ಭಂಕೂರಿನಲ್ಲಿ. ಅಲ್ಲಿಂದ ಹೊರಟು, ನಮ್ಮ ಮನೆಗಳನ್ನು ಕಣ್ಣೆತ್ತಿಯೂ ನೋಡದೆ ಕಲಬುರಗಿ ಮಾರ್ಕೆಟ್ಟಿಗೆ ಹೋಗುತ್ತದೆ. ಅಲ್ಲಿ ಕೈ ಬದಲಾಗಿ, ಮರುದಿನ ತಳ್ಳುಗಾಡಿಯ ಮೇಲೆ ನಮ್ಮ ಓಣಿಗೆ ಬರುತ್ತದೆ. ಅಷ್ಟರಲ್ಲಿ ಅದರ ಮುಖ, ಮದುವೆ ಮುಗಿಸಿ ರೈಲಿನಲ್ಲಿ ನಿಂತೇ ಬಂದ ಬೀಗರ ಮುಖದಂತಾಗಿರುತ್ತದೆ.

ಇಂಥ ಮೆಂತ್ಯೆಯನ್ನು ಮನೆಗೆ ಒಯ್ಯುತ್ತ, ಶಾಲೆಯಲ್ಲಿ ಮಾತ್ರ ತಾಜಾ ತಪ್ಪಲು ಪಲ್ಲೆಯ, ಅಂದರೆ ಹಸಿರು ಸೊಪ್ಪಿನ, ಗುಣಗಾನ ಮಾಡುವ ವಿಜ್ಞಾನದ ಟೀಚರು ನಾನು. ಮಕ್ಕಳು ನಾನು ಹೇಳಿದ್ದನ್ನು ತಪ್ಪಿಲ್ಲದೆ ಬರೆದುಕೊಂಡು, ಬಿಡುವಿನಲ್ಲಿ ಗೇಟಿನಾಚೆ ಹೋಗಿ ಕುರುಕಲು ಪಾಕೀಟು ಹರಿಯುತ್ತಿದ್ದರು. ಎಂಟನೆಯ ಕ್ಲಾಸಿನ ಕೆಲವರು ಬೆಳಗಿನ ಪ್ರಾರ್ಥನೆಯಲ್ಲೇ ತಲೆಸುತ್ತಿ ಬಿದ್ದರು. ನರ್ಸಮ್ಮ ಬಂದು, ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟು ಹೋದರು.

ಆಗ ನಾನು ಭಂಕೂರಿನ ನಾಗಮ್ಮ ಕಾಕಿಯನ್ನು ಹಿಡಿದೆ. ಆಕೆ ತಪ್ಪಲು ಬೆಳೆದು ತಾನೇ ಕಲಬುರಗಿಗೆ ಒಯ್ದು ಮಾರುವವಳು. ಪ್ರತಿ ಶನಿವಾರ ನಮ್ಮ ಶಾಲೆಯ ಗೇಟಿನಲ್ಲೇ ಇಳಿದು ಮಾರು ಎಂದೆ.

"ಇಲ್ಲಿ ಯಾರ್ ತೊಗೋತಾರ್ರಿ ಅಕ್ಕೋರೆ? ಉಳದ್ರ ನೀವ್ ತಿಂತೀರೇನು?"

"ಉಳದಿದ್ದು ನಾನೇ ಒಯ್ತೀನಿ, ಬಾ ಕಾಕಿ."

ಕಾಕಿ ಬಂದಳು, ಕಟ್ಟುಗಳು ಉಳಿದವು. ನಾನು ಆಡಿದ ಮಾತಿಗೆ ನಮ್ಮ ಮನೆಯವರು ಮೆಂತ್ಯೆ ಚಪಾತಿ, ಮೆಂತ್ಯೆ ಬ್ಯಾಳಿ, ಮೆಂತ್ಯೆ ಭಜಿ ತಿಂದರು. ಮೊಸರನ್ನದಲ್ಲೂ ಹಸಿರು ಕಂಡ ದಿನ ತಾಟು ಸರಿಸಿ ಎದ್ದುಹೋದರು.

ತಾಯಂದಿರು ಬರುತ್ತಿದ್ದರು, ಕಟ್ಟು ಎತ್ತಿ ಮೂಸುತ್ತಿದ್ದರು, ಕೆಳಗಿಟ್ಟು ಹೋಗುತ್ತಿದ್ದರು. ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಖಣಿಗೆ ಕೆಲಸಕ್ಕೆ ಹೋಗುವ ಶರಣಮ್ಮನನ್ನು ನಿಲ್ಲಿಸಿ ಯಾಕೆಂದು ಕೇಳಿದೆ. ತಲೆಸುತ್ತಿ ಬಿದ್ದವರಲ್ಲಿ ಅವಳ ಮಗ ಮಲ್ಲುವೂ ಒಬ್ಬ.

"ಆಸಿ ಭಾಳ ಅದರಿ ಅಕ್ಕೋರೆ. ಖರೇ, ಸೋಸಾವ್ರು ಯಾರು? ಖಣಿಯಿಂದ ಮನಿಗಿ ಬರೋದ್ರಾಗ ಹೊತ್ತು ಮುಳುಗ್ತದ. ರೊಟ್ಟಿ ಬಡೀಲ್ಯೋ, ಎಲಿ ಬಿಡಸ್ಕೋತ ಕುಂದರ್ಲ್ಯೋ? ಆಲೂಗಡ್ಡಿ ಆದ್ರ ಹೆಚ್ಚಿ ಒಗದ್ರ ಆಯ್ತು."

ಪಠ್ಯಪುಸ್ತಕದಲ್ಲಿ ಪಲ್ಲೆ ಹೊಲದಿಂದ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ನಡುವೆ ಒಬ್ಬ ಹೆಂಗಸು ಮೊರ ಮುಂದಿಟ್ಟುಕೊಂಡು, ಹುಲ್ಲು ಬೇರೆ, ದಂಟು ಬೇರೆ, ಹುಳ ತಿಂದ ಎಲೆ ಬೇರೆ ಮಾಡುವ ಚಿತ್ರವನ್ನು ಯಾರೂ ಬರೆದಿಲ್ಲ. ಮನುಷ್ಯ ಬೆಂಕಿಯನ್ನು ಕಂಡುಹಿಡಿದದ್ದನ್ನು ನಾವು ಪರೀಕ್ಷೆಯಲ್ಲಿ ಕೇಳುತ್ತೇವೆ. ಸೊಪ್ಪು ಸೋಸುವುದನ್ನು ಕಂಡುಹಿಡಿದವಳ ಬಗ್ಗೆ ಅರ್ಧ ಅಂಕದ ಪ್ರಶ್ನೆಯೂ ಇಲ್ಲ.

ಮುಖ್ಯೋಪಾಧ್ಯಾಯಿನಿಯನ್ನು ಒಪ್ಪಿಸಿ, ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಮಕ್ಕಳನ್ನು ವರಾಂಡದಲ್ಲಿ ಕೂಡಿಸಿದೆ. ಅವರವರ ಮನೆಯವರು ಗೇಟಿನಲ್ಲಿ ಕೊಂಡಿಟ್ಟ ಪಲ್ಲೆಯನ್ನು ಮಕ್ಕಳು ಸೋಸಿ ಒಯ್ಯಬೇಕು. ಕೈ ಎಲೆ ಬಿಡಿಸುತ್ತಿತ್ತು, ಬಾಯಿ ಪಾಠ ಹೇಳುತ್ತಿತ್ತು. ಹುಡುಗರು, ಹುಡುಗಿಯರು ಎಂಬ ಭೇದವಿರಲಿಲ್ಲ. ತಕರಾರು ಬಂದದ್ದೂ ಅದಕ್ಕೇ. ಶರಣಮ್ಮನ ಗಂಡ ಭೀಮಶಾ ಸೀದಾ ವರಾಂಡಕ್ಕೆ ಬಂದ.

"ಗಂಡ್ ಹುಡುಗಗ ಪಲ್ಲೆ ಸೋಸ್ಲಾಕ ಹಚ್ಚೀರಲ್ರಿ! ಇದಕ್ಕ ಸಾಲಿಗಿ ಕಳಿಸೀನೇನ್ ನಾ?"

"ತಿನ್ನಾವ ಅವನೇ ಅಲ್ರಿ ಭೀಮಶಾ?"

"ತಿನ್ನೋದ್ ಬ್ಯಾರೆ, ಸೋಸೋದ್ ಬ್ಯಾರೆ. ಮುಂದಿನ ಶನಿವಾರ ಇಂವ ಬರಂಗಿಲ್ಲ."

ಮಗನ ತೋಳು ಹಿಡಿದು ಹೊರಟ. ಸೋಸಿದ ಪುಂಡಿ ಪಲ್ಲೆಯ ಚೀಲ ಮಲ್ಲುವಿನ ಕೈಯಲ್ಲೇ ಇತ್ತು. ಮುಂದಿನ ಶನಿವಾರ ಅವನು ಬರಲಿಲ್ಲ. ಅವನನ್ನು ನೋಡಿ ಇನ್ನೂ ಕೆಲವರು ಬರಲಿಲ್ಲ. ಮುಖ್ಯೋಪಾಧ್ಯಾಯಿನಿ, "ಇನ್ನೊಂದು ವಾರ ನೋಡೂಣ್ರಿ, ಆಮ್ಯಾಲ ಸಾಕು," ಎಂದರು. ಕಾಕಿಗೆ ಇನ್ನು ಬರಬೇಡವೆನ್ನುವುದು ಹೇಗೆಂಬ ಚಿಂತೆ ನನಗೆ ಹತ್ತಿತು.

ಆ ವಾರ ಗೇಟಿನಲ್ಲಿ ಮಲ್ಲು ನಿಂತಿದ್ದ. ಹಿಂದೆ ಭೀಮಶಾ, ಗೋಡೆಯ ಕಡೆ ಮುಖ ಮಾಡಿ.

"ಕುಂದರ್ಸ್ಕೋರಿ ಇವಗ," ಎಂದಷ್ಟೇ ಹೇಳಿ ಹೋದ.

ಆದದ್ದೇನೆಂದು ಶರಣಮ್ಮ ಆಮೇಲೆ ನಗುತ್ತ ಹೇಳಿದಳು. ಅಂದು ಮಗ ಸೋಸಿ ತಂದ ಪುಂಡಿ ಪಲ್ಲೆ ಭೀಮಶಾನಿಗೆ ರುಚಿ ಹತ್ತಿತ್ತು. ಮತ್ತೆ ಮಾಡು ಎಂದ. ಅವಳು ಕಟ್ಟು ತಂದು, ಮೊರದ ಸಮೇತ ಅವನ ಮುಂದಿಟ್ಟಳು. ಖಣಿಯಲ್ಲಿ ಕಲ್ಲು ಸೀಳುವ ಅವನ ಕೈ ಎಲೆಯ ಮುಂದೆ ಸೋತಿತು. ಊಟ ತಯಾರಾಗುವಷ್ಟರಲ್ಲಿ ಮಲ್ಲು ಹಸಿದುಕೊಂಡೇ ನಿದ್ದೆ ಹೋಗಿದ್ದ.

ಮುಂದೊಂದು ರವಿವಾರ ಅವರ ಮನೆಗೆ ನನ್ನನ್ನು ಊಟಕ್ಕೆ ಕರೆದರು. ಪಲ್ಲೆ ಸೋಸಿದ್ದು ತಂದೆ ಮಗ ಇಬ್ಬರೂ. ಒಂದೆರಡು ನಾರು ಹಲ್ಲಿಗೆ ಸಿಕ್ಕವು, ನಾನು ಹೇಳಲಿಲ್ಲ. ಬಡಿಸಲು ನಿಂತ ಶರಣಮ್ಮನಿಗೆ ಭೀಮಶಾ, "ಇನ್ನೇನ್ ಕೆಲಸ ಅದ? ಕುಂದ್ರು," ಎಂದ. ಅವಳು ಸುತ್ತ ನೋಡಿದಳು. ನಿಜಕ್ಕೂ ಏನೂ ಉಳಿದಿರಲಿಲ್ಲ. ಸಂಕೋಚದಿಂದ ತಾಟು ಎಳೆದುಕೊಂಡು ಕುಳಿತು, ರೊಟ್ಟಿ ಮುರಿದು ಬಾಯಿಗಿಟ್ಟಳು. ದಿನಾ ಎಲ್ಲರಿಗೂ ಬಡಿದು ಹಾಕಿ ಕೊನೆಗೆ ಉಣ್ಣುವವಳು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಬಿಸಿ ರೊಟ್ಟಿ ಇಷ್ಟು ಮೆತ್ತಗಿರ್ತದೇನ್ರಿ ಅಕ್ಕೋರೆ!"