ಕಮರುನ್ನೀಸಾ ಮೇಡಂ ಮತ್ತು ಶಾಂತಿ ಎಂಬ ಮಾತು

ನೆರೆ ರಾಷ್ಟ್ರಗಳ ರಾಜಕಾರಣ, ಗಡಿಯ ಭದ್ರತೆ, ರಕ್ಷಣಾ ನೀತಿ ಎಂದರೆ ದೆಹಲಿಯಲ್ಲಿ ಕೂತವರ ಉಸಾಬರಿ ಎಂದು ಎಲ್ಲರೂ ಕೈತೊಳೆದುಕೊಂಡಿದ್ದ ಕಾಲದಲ್ಲಿ, ಆ ವಿದ್ಯೆಯನ್ನು ರಾಯಚೂರಿನ ಬಿಸಿಲಿಗೆ ಕರೆತಂದು, ಗಬ್ಬೂರು, ಸಿರವಾರದ ಬಸ್ಸಿಳಿದು ಬಂದ ಹುಡುಗರ ಬಾಯಲ್ಲಿ ಆಡಿಸಿದವರು ಶ್ರೀಮತಿ ಕಮರುನ್ನೀಸಾ ಅವರು. ಮಾನ್ವಿಯ ಬಟ್ಟೆ ವ್ಯಾಪಾರಿ ಪೀರಾ ಸಾಬರ ಈ ಮಗಳಿಗೆ ಹುಟ್ಟಿನಿಂದಲೇ ಅಂಟಿದ ಗುಣವೆಂದರೆ ಕುತೂಹಲ. ಅಂಗಡಿಗೆ ಬಂದ ಗಿರಾಕಿಗೆ ಬಟ್ಟೆ ತೋರಿಸುವ ಮೊದಲೇ ಅವನ ಊರಿನ ಜಗಳಗಳನ್ನೆಲ್ಲ ವಿಚಾರಿಸಿ, ತಂದೆಯಿಂದ ಬೈಸಿಕೊಂಡು ಒಳಗೆ ಓಡುತ್ತಿದ್ದವರು, ಈ ವರ್ಷ ರಾಜ್ಯಶಾಸ್ತ್ರದ ಹಿರಿಯ ಅಧ್ಯಾಪಕರಾಗಿ ನಿವೃತ್ತರಾಗುತ್ತಿದ್ದಾರೆ.

1971ರಲ್ಲಿ ಅವರು ಅಧ್ಯಾಪಕರಾಗಿ ಕಾಲೇಜಿಗೆ ಸೇರಿದ ಕೆಲವೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ತರಗತಿಯ ತುಂಬ ಜೈಕಾರ. ಅವರೂ ಗಟ್ಟಿಯಾಗಿಯೇ ಕೂಗಿದರು. ದನಿಗಳು ಇಳಿದ ಮೇಲೆ, “ಈಗ ಹೇಳ್ರಿ, ಲಡಾಯಿ ನಿಂತ ಮ್ಯಾಲ ಮಗ್ಗಲ ಮನಿಯವ್ರ ಜೋಡಿ ಹ್ಯಾಂಗ ಬಾಳೋದು?” ಎಂದರು. ಮರುವಾರ ಎಲ್ಲರನ್ನೂ ಕೋಟೆಗೆ ಕರೆದೊಯ್ದು, ಎರಡು ಹೊಳೆಗಳ ನಡುವಿನ ಈ ನೆಲಕ್ಕೆ ಯಾರು ಯಾರಿಗೆ ಅಂಜಿ ಇಷ್ಟು ದಪ್ಪ ಕಲ್ಲು ಹೊರಿಸಿದರು ಎಂದು ಕೇಳಿದರು. ಅವರ ಪಾಠದ ರೀತಿಯೇ ಅದು. ನಮ್ಮ ದೇಶದ ಪರ ಮಾತಾಡುವ ಮೊದಲು, ನೆರೆಯವನ ಅಂಜಿಕೆ ಏನೆಂದು ಅವನೇ ಹೌದೆನ್ನುವ ಹಾಗೆ ಹೇಳಬೇಕು. ದೇವದುರ್ಗದ ಬಸ್ಸು ತಪ್ಪಿಸಿಕೊಂಡ ಹುಡುಗರಿಗೆ ಅವರ ಮನೆಯಲ್ಲಿ ಬಿಸಿ ರೊಟ್ಟಿ ಖಾಯಂ, ಆದರೆ ತಟ್ಟೆಯ ಮುಂದೆ ಕೂತವನನ್ನು ಅಂದಿನ ಸುದ್ದಿಯ ಬಗ್ಗೆ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ.

ಹಾಗೆ ರೊಟ್ಟಿ ತಿಂದವರಲ್ಲಿ ಗಬ್ಬೂರಿನ ಕುರಿಗಾರರ ಮನೆಯ ಜಂಬಣ್ಣನೂ ಒಬ್ಬ. ಓದು ಮುಗಿಸಿ ಸೈನ್ಯಕ್ಕೆ ಸೇರಲೋ ಬೇಡವೋ ಎಂದು ಅವನು ತೂಗಾಡುತ್ತಿದ್ದಾಗ, “ಹೋಗಿ ನೋಡಿ ಬಾರಪ್ಪ” ಎಂದವರು ಮೇಡಂ ಅವರೇ.

1987ರ ಚಳಿಗಾಲದಲ್ಲಿ ಅವನ ತಾಯಿ ಬೂದೆಮ್ಮ ಬಸ್ಸು ಹಿಡಿದು ಅಧ್ಯಾಪಕರ ಕೋಣೆಗೇ ಬಂದಳು.

“ಮೇಡಮ್ಮಾ, ಲಂಕಾಕ್ಕ ಹೋದ ಶಾಂತಿ ಪಡೆಯಾಗ ನನ್ ಮಗನೂ ಅದಾನ. ಶಾಂತಿ ಮಾಡಾಕ ಇಷ್ಟು ದಿನ ಯಾಕ ಬೇಕು? ದೇವದುರ್ಗದಾಗ ಹೆಣ್ಣು ನೋಡೀನಿ. ಯಾವಾಗ ಬರ್ತಾನ ಹೇಳ್ರಿ, ಮದುವಿ ದಿನ ಹಿಡಸ್ತೀನಿ.”

ಮನೆಗೆ ಕೇಡು ತಟ್ಟಿದರೆ ಊರಲ್ಲಿ ಶಾಂತಿ ಮಾಡಿಸುತ್ತಾರೆ. ಬೆಳಿಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆಗೆ ಅಯ್ಯನವರು ತಮ್ಮ ಮನೆಗೆ. ಬೂದೆಮ್ಮ ತಿಳಿದದ್ದು ಆ ಶಾಂತಿ. ಪತ್ರಿಕೆಯ ಮರೆಯಲ್ಲಿ ಅಧ್ಯಾಪಕರೊಬ್ಬರು ಕಿಸಕ್ಕನೆ ನಕ್ಕರು. ಇನ್ನೊಬ್ಬರು, “ಯುಗಾದಿಗೆ ಬರ್ತಾನ ಅಂದ್ಬಿಡ್ರಿ, ಪಾಪ” ಎಂದು ಪಿಸುಗುಟ್ಟಿದರು.

ಮೇಡಂ ನಗಲಿಲ್ಲ. ಅಷ್ಟು ಹೊತ್ತಿಗಾಗಲೇ ಲಂಕೆಯಲ್ಲಿ ಶಾಂತಿ ಪಡೆಯೇ ಕಾಳಗಕ್ಕೆ ಇಳಿದಿತ್ತು. ಅದು ಅವರಿಗೆ ಗೊತ್ತಿತ್ತು. ಹೋಗಿ ಬಾ ಎಂದ ಬಾಯಿಂದಲೇ ಈಗ ಏನು ಹೇಳುವುದು? ಬೂದೆಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಯವ್ವಾ, ಶಾಂತಿ ಮಾಡಾಕ ಬಂದಾಂವ್ನ ಮನಿಯವ್ರು ಹೊರಗ ನಡಿ ಅಂದ್ರ?”

“ಯಾಕ ಅಂತಾರ್ರಿ? ಕರದವ್ರು ಅವ್ರೇ ಅಲ್ಲೇನು?”

“ಅಲ್ಲಿ ಒಬ್ರು ಕರದಾರ, ಇನ್ನೊಬ್ರು ಬ್ಯಾಡ ಅಂದಾರ. ಬ್ಯಾಡ ಅಂದವ್ರ ಕೈಯಾಗ ಬಂದೂಕ ಅದ. ಯಾವಾಗ ಬರ್ತಾನ ನನಗ ಗೊತ್ತಿಲ್ಲ. ನಿನ್ ಮುಂದ ಸುಳ್ಳು ಹೇಳಂಗಿಲ್ಲ.”

ಬೂದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಂಗಾದ್ರ ಹೆಣ್ಣಿನ ಮನಿಯವ್ರಿಗೂ ಖರೇ ಹೇಳಬೇಕಲ್ರಿ. ನನಗ ಹಿಂಗ ಹೇಳಾಕ ಬರಂಗಿಲ್ಲ, ನೀವ ಬರ್ರಿ” ಎಂದು ಎದ್ದಳು.

ಮೇಡಂ ಅಂದು ಪಾಠ ಬಿಟ್ಟು ಹೋದರು, ದೇವದುರ್ಗದ ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಹಿರಿಯರು ಮುಖ ಮುಖ ನೋಡಿಕೊಂಡರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಹುಡುಗಿ ಬಾಲಮ್ಮ ಮಾತ್ರ ಹೊರಗೆ ಬಂದು, “ಖರೇ ಹೇಳಿ ಕೇಳಾಕತ್ತೀರಿ. ನಾ ಕಾಯ್ತೀನಿ” ಎಂದಳು.

ಈ ವರ್ಷ, 1990ರಲ್ಲಿ, ಪಡೆ ಲಂಕೆಯಿಂದ ವಾಪಸಾದಾಗ ಜಂಬಣ್ಣ ಮರಳಿದ. ಮೈಗೇನೂ ಆಗಿರಲಿಲ್ಲ, ಮಾತು ಮಾತ್ರ ಕಡಿಮೆಯಾಗಿತ್ತು. ಮದುವೆಯ ಪಂಕ್ತಿಯಲ್ಲಿ ಮೇಡಂ ಅವನ ಮುಖವನ್ನೇ ನೋಡುತ್ತ ಉಂಡರು. ಅಲ್ಲಿ ಏನಾಯಿತು, ಯಾರು ಯಾರಿಗೆ ಅಂಜಿದರು, ಇವನು ಏನು ಕಂಡ ಎಂಬ ಪ್ರಶ್ನೆಗಳು ಅವರ ನಾಲಿಗೆಯ ತುದಿಗೆ ಬಂದಿದ್ದವೆಂದು ಬಲ್ಲವರಿಗೆಲ್ಲ ಗೊತ್ತು. ಕಂಡಕ್ಟರನನ್ನೂ ಬಿಡದೆ ಪ್ರಶ್ನೆ ಕೇಳುವವರು ಅಂದು ಒಂದನ್ನೂ ಕೇಳಲಿಲ್ಲ. ಅವರನ್ನು ಬಸ್ಸು ಹತ್ತಿಸುವಾಗ ಜಂಬಣ್ಣನೇ ತಲೆ ತಗ್ಗಿಸಿ ಹೇಳಿದ:

“ಮೇಡಂ, ಈಗ ಹೇಳಾಕ ಆಗಂಗಿಲ್ರಿ. ಇನ್ನೊಂದು ಹತ್ತು ವರ್ಷ ಬಿಟ್ಟು ಕೇಳ್ರಿ. ಎಲ್ಲಾ ಹೇಳ್ತೀನಿ.”

“ಕೇಳ್ತೀನಪ್ಪ” ಎಂದರು ಕಮರುನ್ನೀಸಾ.

ಆ ಹತ್ತು ವರ್ಷ ಅವರಿಗೆ ಸುಖವಾಗಿ ಸಲ್ಲಲಿ. ಕಿವಿ ಚುರುಕಾಗಿರಲಿ, ಕೇಳುವ ಆಸೆ ಬತ್ತದಿರಲಿ. ಅವನು ಹೇಳುವುದನ್ನೆಲ್ಲ ಕೇಳಿದ ಮೇಲೆ, ಅದನ್ನು ಶಿಷ್ಯರಿಗೆ ತಿಳಿಸಿ ಹೇಳಲು ಇನ್ನಷ್ಟು ವರ್ಷಗಳು ಉಳಿದಿರಲಿ.