ತನ್ನ ಸಾಕ್ಷಿಯನ್ನು ತಾನೇ ತಿದ್ದಿದ ಲಿಂಗಪ್ಪ

ಲಿಂಗಪ್ಪ ತಲೆಗೆ ಪಟಗಾ ಸುತ್ತಿಕೊಳ್ಳುವುದು ನಿಂತು ನೋಡುವಂಥ ಸಂಗತಿಯಾಗಿತ್ತು. ಬಟ್ಟೆಯ ಒಂದು ತುದಿಯನ್ನು ನಮ್ಮ ಆಫೀಸಿನ ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಎಡಗೈಯಿಂದ ಹಣೆಗೆ ಒತ್ತಿ ಹಿಡಿದು, ಬುಗುರಿಯ ಹಾಗೆ ತಾನೇ ತಿರುಗುತ್ತ ತಿರುಗುತ್ತ ಕಿಟಕಿಯವರೆಗೆ ಬರುತ್ತಿದ್ದ. ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

“ನಗ್ರಿ ವಕೀಲ ಅಕ್ಕಾರ, ನಮ್ಮ ಮನ್ಯಾಗ ಎಮ್ಮಿನೂ ಹಿಂಗ ನೋಡತೈತಿ” ಎಂದ.

ನಾನಾಗ ಸವದತ್ತಿಯಲ್ಲಿ ಹಿರಿಯ ವಕೀಲರೊಬ್ಬರ ಬಳಿ ಕೆಲಸ ಕಲಿಯುತ್ತಿದ್ದೆ. ಲಿಂಗಪ್ಪ ಮುನವಳ್ಳಿಯಲ್ಲಿ ನೀರೆತ್ತುವ ಮೋಟಾರುಗಳ ರಿಪೇರಿ ಮಾಡುತ್ತಿದ್ದ. ನವಿಲುತೀರ್ಥದ ಈಚೆ ಯಾರ ಹೊಲದ ಮೋಟಾರು ಸುಟ್ಟರೂ ಅವನ ಅಂಗಡಿಗೇ ಬರುತ್ತಿತ್ತು. ಬಲಗೈ ಸೋತ ಮೇಲೆ ತಾಮ್ರದ ತಂತಿ ಸುತ್ತುವುದನ್ನು ಎಡಗೈಗೆ ಕಲಿಸಿದ್ದ. ಗಿರಾಕಿಗಳು ಕರೆಂಟಿನವರನ್ನೋ ಆಳುಗಳನ್ನೋ ಬೈಯತೊಡಗಿದರೆ, “ಸುಟ್ಟ ವಾಸನಿ ಬಂತಂದ್ರ ಮೊದಲ ಸ್ವಿಚ್ ಆರಿಸ್ರಿ. ತಪ್ಪು ಯಾರದು ಅನ್ನೂದನ್ನ ಆಮ್ಯಾಲ ನೋಡೂಣು” ಎನ್ನುತ್ತಿದ್ದ.

ಆದರೆ ಒಂದು ಸಂಜೆ ಅವನೇ ಸ್ವಿಚ್ ಆರಿಸಿರಲಿಲ್ಲ. ಬಾಲ್ಯದ ಗೆಳೆಯ ಈರಪ್ಪನ ಹೊಲದ ಗುಡಿಸಲಲ್ಲಿ ಇಬ್ಬರೂ ಕುಡಿಯುತ್ತ ಕುಳಿತಿದ್ದಾಗ ಮಾತು ಮೋಟಾರಿನ ಮೇಲೆ ಬಂತು. ಲಿಂಗಪ್ಪ ರಿಪೇರಿ ಮಾಡಿಕೊಟ್ಟ ಎಂಟೇ ದಿನಕ್ಕೆ ಈರಪ್ಪನ ಮೋಟಾರು ಮತ್ತೆ ಸುಟ್ಟಿತ್ತು. “ನಿನ್ನ ಕೆಲಸನ ಕಚ್ಚಾ ಐತಲೇ” ಎಂದ ಈರಪ್ಪ. ಲಿಂಗಪ್ಪ ಎದ್ದು ಕಪಾಳಕ್ಕೆ ಹೊಡೆದ. ಈರಪ್ಪ ಒಳಗೆ ಹೋಗಿ, ಹಂದಿ ಓಡಿಸಲು ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ ಬಂದೂಕು ತಂದ. ಗುಂಡು ಲಿಂಗಪ್ಪನ ಬಲಭುಜವನ್ನು ಸೀಳಿತು.

“ಗುರಿ ಹಿಡದು ಹೊಡದಾನ್ರಿ” ಎಂದು ಲಿಂಗಪ್ಪ ಸಾಕ್ಷಿ ಹೇಳಿದ. ಕೊಲೆಯತ್ನವೆಂದು ಸೆಷನ್ಸ್ ಕೋರ್ಟು ಈರಪ್ಪನಿಗೆ ಏಳು ವರ್ಷ ಶಿಕ್ಷೆ ಕೊಟ್ಟಿತು. ಧಾರವಾಡದ ಹೈಕೋರ್ಟಿಗೆ ಹಾಕಿದ ಮೇಲ್ಮನವಿ ಹಾಗೇ ಕಾಯುತ್ತಿತ್ತು. ಈರಪ್ಪನ ಪರವಾಗಿ ಅದರ ಕಾಗದಪತ್ರ ನೋಡಿಕೊಳ್ಳುತ್ತಿದ್ದವರು ನಾವು. ಆದ್ದರಿಂದ, ಗುಂಡೇಟು ತಿಂದವನೇ ಒಂದು ದಿನ ನಮ್ಮ ಬಾಗಿಲಲ್ಲಿ ನಿಂತಾಗ ಜಗಳಕ್ಕೇ ಬಂದಿದ್ದಾನೆಂದು ನಾನು ಹೆದರಿದೆ.

ಅವನು ಬಂದದ್ದು ಬೇರೆ ಕಾರಣಕ್ಕೆ. ಹಿಂದಿನ ವಾರ ಈರಪ್ಪನ ಹೆಂಡತಿ ಕಾಶವ್ವ, ಅಂದಿನಿಂದ ಬಿಚ್ಚದೆ ಬಿದ್ದಿದ್ದ ಅದೇ ಸುಟ್ಟ ಮೋಟಾರನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಅವನ ಅಂಗಡಿಗೆ ತಂದಿದ್ದಳಂತೆ. ಕೇಸಿನ ಮಾತು ಎತ್ತಲಿಲ್ಲ, ಅಳಲೂ ಇಲ್ಲ. “ಹೊಲದಾಗ ಗೊಂಜಾಳಕ್ಕ ನೀರ ಬಿಡಬೇಕ್ರಿ ಅಣ್ಣಾರ. ನಿಮ್ಮಷ್ಟು ಚಲೋ ಮೋಟಾರ ಯಾರೂ ಕಟ್ಟೂದಿಲ್ಲ” ಎಂದಷ್ಟೇ ಹೇಳಿ ಹೋದಳು.

“ಬಿಚ್ಚಿ ನೋಡಿದ್ನಿರಿ” ಎಂದ ಲಿಂಗಪ್ಪ, ನೆಲ ನೋಡುತ್ತ. “ನಾ ಹಾಕಿದ ತಂತಿ ಜೋಡ ಸಡ್ಲ ಇತ್ತು. ಅಂವ ಖರೇನ ಹೇಳಿದ್ದ. ಅದರಾಗ ಇನ್ನೊಂದೈತ್ರಿ. ಅಂವ ಗುರಿ ಹಿಡದಿದ್ದಿಲ್ಲ. ಬಂದೂಕಿನ ನಳಗಿ ಹಿಡದು ಜಗ್ಗಿದಾವ ನಾನ. ಜಗ್ಗ್ಯಾಡೂದ್ರಾಗ ಹಾರಿತು.”

ನಮ್ಮ ಹಿರಿಯ ವಕೀಲರು ಕನ್ನಡಕ ತೆಗೆದಿಟ್ಟರು. “ಪ್ರಮಾಣ ಮಾಡಿ ಹೇಳಿದ್ದನ್ನ ಈಗ ತಿರುವಿದ್ರ ಸುಳ್ಳಸಾಕ್ಷಿ ಅಂತ ನಿನ್ನ ಮ್ಯಾಲ ಕೇಸ್ ಆಗಬಹುದು. ಜೈಲೂ ಆಗಬಹುದು. ತಿಳೀತಿಲ್ಲೋ?”

“ಆಗಲಿರಿ. ಅಂವ ಎರಡು ವರ್ಷದಿಂದ ಒಳಗದಾನ. ನನ್ನ ಪಾಲಿಂದು ನಾ ತಗೋತೇನಿ.”

ಅವನ ಹೇಳಿಕೆಯನ್ನು ಮತ್ತೊಮ್ಮೆ ದಾಖಲಿಸಲು ಹೈಕೋರ್ಟು ಒಪ್ಪಿತು. ಗೊತ್ತಾದ ದಿನ ಅವನು ಕಟಕಟೆ ಹತ್ತಿ ನಿಂತ. ಸರ್ಕಾರಿ ವಕೀಲರು ಬಿಡದೆ ಕೇಳಿದರು: “ಆಗ ಹೇಳಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ?”

“ಆಗಿಂದ್ರಿ. ಸಿಟ್ಟಿತ್ತು.”

“ಈಗ ಅವರ ಕಡೆಯವರು ಹೆದರಿಸಿದ್ದಾರಾ?”

“ಹೆದರಿಸಾಕ ಅವರ ಮನ್ಯಾಗ ಯಾರದಾರ್ರಿ? ಕಾಶವ್ವ ಒಬ್ಬಾಕಿ, ಲಗ್ನಕ್ಕ ಬಂದ ಮಗಳೊಬ್ಬಾಕಿ.”

ಅವನ ಮಾತಿಗೆ ನಮ್ಮ ಫೈಲಿನಲ್ಲೇ ಆಧಾರವಿತ್ತು. ವೈದ್ಯರ ವರದಿಯಲ್ಲಿ ಗುಂಡು ತೀರ ಹತ್ತಿರದಿಂದ, ಕೆಳಗಿನಿಂದ ಮೇಲಕ್ಕೆ ಹೋಗಿದೆ ಎಂದಿತ್ತು. ಮೊದಲು ಅದನ್ನು ಯಾರೂ ಎತ್ತಿ ಹೇಳಿರಲಿಲ್ಲ, ನಾವು ಸಹ. ತೀರ್ಪಿನಲ್ಲಿ ಕೊಲೆಯತ್ನದ ಆರೋಪ ಬಿದ್ದುಹೋಯಿತು. ಕುಡಿದು ಬಂದೂಕು ಹಿಡಿದ ತಪ್ಪಿಗೆ ಈರಪ್ಪ ಅನುಭವಿಸಿದ ಜೈಲೇ ಸಾಕೆಂದಿತು ಕೋರ್ಟು. ಬಂದೂಕು ಜಪ್ತಿಯಾಯಿತು. ಲಿಂಗಪ್ಪನಿಗೆ ಕಟುವಾದ ಎಚ್ಚರಿಕೆ ಕೊಟ್ಟು ಬಿಟ್ಟರು. ಹೊರಗೆ ಬಂದವನೇ ಎರಡು ಚಹಾ ಕುಡಿದ. ಮೊದಲಿನದನ್ನು ಕುಡಿದದ್ದೇ ನೆನಪಿಲ್ಲವೆಂದ.

ಫೈಲಿನಲ್ಲಿ ಇದ್ದದ್ದನ್ನೇ ನಾವು ಓದದೆ ಬಿಟ್ಟಿರಬಹುದು ಎಂಬುದನ್ನು ನಾನು ಕಲಿತದ್ದು ಅವನಿಂದ. ಇವತ್ತಿಗೂ ವೈದ್ಯರ ವರದಿಯನ್ನು ಎರಡು ಸಲ ಓದುತ್ತೇನೆ.

ಮರುವರ್ಷ ನಾನು ರಾಮದುರ್ಗದ ಕೋರ್ಟಿಗೆ ಬಂದೆ. ಒಂದು ಮಧ್ಯಾಹ್ನ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ “ಅಕ್ಕಾರ!” ಎಂಬ ಕೂಗು ಕೇಳಿಸಿತು. ಲಿಂಗಪ್ಪ! ಈರಪ್ಪನ ಮಗಳಿಗೆ ನೋಡಿದ ವರನ ಮನೆಗೆ ಮಾತುಕತೆಗೆಂದು ಅವನೂ ಈರಪ್ಪನೂ ಬಂದಿದ್ದರು.

“ಬೀಗರು ಕೇಳೇಬಿಟ್ಟರ್ರಿ, ಹುಡುಗಿ ಅಪ್ಪ ಜೈಲಿಗೆ ಹೋಗಿದ್ನಂತಲ್ಲ ಅಂತ. ಈರ್ಯಾ ತಲಿ ತಗ್ಗಿಸಿ ಕುಂತ. ನಾ ಅಂದೆ, ಗುಂಡು ತಿಂದಾವ ನಾನ. ನಾನ ಹುಡುಗಿ ಕಾಕಾ ಆಗಿ ಬಂದು ಕುಂತೀನಿ, ಇನ್ನೇನ ಕೇಳತೀರಿ ಅಂದೆ.”

“ಅವರು ಏನಂದರು?”

“ಸಕ್ರಿ ತರಿಸಿದರ್ರಿ, ಲಗ್ನ ಗಟ್ಟಿ ಆತು!”

ಬಸ್ಸು ಬಂತು. ಜನ ಮುಗಿಬಿದ್ದರು. ಅದರ ನಂತರ ನಾನು ಅವನನ್ನು ಕಂಡಿಲ್ಲ. ಲಗ್ನದ ದಿನ ನನಗೆ ಕೋರ್ಟಿನ ಕೆಲಸವಿತ್ತು. ಈಗಲೂ ಕಣ್ಣಮುಂದೆ ಇರುವುದು ಆ ಬಸ್ಸೇ. ಈರಪ್ಪ ಆಗಲೇ ಒಳಗೆ ನುಗ್ಗಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ, ಯಾರನ್ನೂ ಕೂರಗೊಡದೆ ಜಗಳವಾಡುತ್ತಿದ್ದ: “ಇಲ್ಲಿ ನಮ್ಮಾಂವ ಬರಾಕತ್ತಾನ್ರಿ, ಇಲ್ಲಿ ನಮ್ಮಾಂವ ಕೂಡ್ತಾನ.”