ಖಾಲಿ ಗೋಲಿಗೆ ಒದೆಯದವನು

ಪಂದ್ಯ ನಡೆಯುತ್ತಿರುವಾಗಲೇ ನಮ್ಮ ಗೋಲ್‌ಕೀಪರ್ ಕೈಗವಸು ಕಳಚಿಟ್ಟು, ಬುತ್ತಿ ಡಬ್ಬಿ ಹಿಡಿದು ಮೈದಾನ ಬಿಟ್ಟು ನಡೆದ. ಆಗಷ್ಟೇ ಕಾರ್ಖಾನೆಯ ಸೈರನ್ ಕೂಗಿತ್ತು. ಅವನದು ಎರಡನೇ ಪಾಳಿ. ಬದಲಿ ಕೀಪರ್ ಅವನಿಗಿಂತ ಮೊದಲೇ ಹೋಗಿದ್ದ.

ಗಿಣಿಗೇರಾದ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಆಡಳಿತ ಮಂಡಳಿ ಬಂದ ಮೇಲೆ ಅದು ಮೊದಲ ಪಂದ್ಯ. ನಾವೆಲ್ಲ ಪಾಳಿಯಲ್ಲಿದ್ದಾಗ ಸಭೆ ಕರೆದು ಅವರು ಅವಿರೋಧವಾಗಿ ಆಯ್ಕೆಯಾಗಿದ್ದರು. ಪಾಳಿ ಪಟ್ಟಿ ನೋಡಿಯೇ ಪಂದ್ಯದ ವೇಳೆ ಗೊತ್ತುಮಾಡುತ್ತಿದ್ದ ಕಾರ್ಯದರ್ಶಿ ಖಾಜಾಸಾಬರನ್ನು ಕೈಬಿಟ್ಟಿದ್ದರು. ಅಂದು ಎಂಟು ಮಂದಿ ಪದಾಧಿಕಾರಿಗಳಿಗೂ ಶಾಲು ಹೊದಿಸಿ, ಎಂಟು ಮಂದಿಯೂ ಭಾಷಣ ಮುಗಿಸುವಷ್ಟರಲ್ಲಿ, ಹತ್ತಕ್ಕೆ ಆರಂಭವಾಗಬೇಕಿದ್ದ ಆಟ ಹನ್ನೆರಡೂವರೆಗೆ ಶುರುವಾಯಿತು. ನಾವು ಅಭಿಮಾನಿಗಳು ಧಿಕ್ಕಾರ ಕೂಗಲೆಂದೇ ಹೋಗಿದ್ದೆವು. ನಮ್ಮ ನಡುವೆ ಕುಳಿತಿದ್ದ ಖಾಜಾಸಾಬರು ಗಡಿಯಾರ ನೋಡಿ, “ಸುಮ್ನ ಕುಂದರ್ರಿ, ಸೈರನ್ ಆಗ್ಲಿ” ಎಂದಿದ್ದರು.

ಈಗ ಎದುರಾಳಿ ಕುಷ್ಟಗಿ ತಂಡದ ಆಟಗಾರನೊಬ್ಬ ಚೆಂಡಿನೊಂದಿಗೆ ಖಾಲಿ ಗೋಲಿನ ಮುಂದೆ ಬಂದ. ಒದೆಯಲಿಲ್ಲ. ಚೆಂಡಿನ ಮೇಲೆಯೇ ಕುಳಿತುಬಿಟ್ಟ. ರೆಫರಿ ಯಾಕೆಂದು ಕೇಳಿದರೆ, ಪದಾಧಿಕಾರಿಗಳು ಕುಳಿತಿದ್ದ ವೇದಿಕೆಯತ್ತ ನೋಡುತ್ತ ಹೇಳಿದ: “ಯಾರೂ ಇಲ್ದಾಗ ಬಂದು ಗೆಲ್ಲಾಕ ನಾನೇನ್ ಇವರ ಕಮಿಟಿಯಾಂವ ಅದೀನೇನ್ರಿ?”

ನಮ್ಮ ಕ್ಲಬ್ಬಿನ ಸುದ್ದಿ ಕುಷ್ಟಗಿಗೂ ಮುಟ್ಟಿತ್ತು.

ನಾವು ಧಿಕ್ಕಾರ ಕೂಗುವ ಅಗತ್ಯವೇ ಬೀಳಲಿಲ್ಲ. ಮರುವಾರ, ಮುಂದಿನ ಪಂದ್ಯ ಎಷ್ಟು ಹೊತ್ತಿಗೆ ಇಡಬೇಕೆಂದು ಕೇಳಲು ಅಧ್ಯಕ್ಷರೇ ಖಾಜಾಸಾಬರ ಮನೆಗೆ ಹೋದರು. ಖಾಜಾಸಾಬರು ಪಾಳಿಗೆ ಹೋಗಿದ್ದರು. ಸೈರನ್ ಆಗುವವರೆಗೆ ಅಧ್ಯಕ್ಷರು ಮನೆ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು.